ಸಪೋರ್ಟ್ ಇಲ್ಲವೆಂದ ಕಂಪನಿ ಮತ್ತು ನಮ್ಮ ಬೈಲಪ್ಪಣ್ಣ

ಚನ್ನಗಿರಿಯಲ್ಲಿ ಆಗ ‘ಸಪೋರ್ಟ್’ ಎಂಬ ಮಾತಿಗೆ ಒಂದೇ ಅರ್ಥ. ಚುನಾವಣೆಯಲ್ಲಿ ಯಾರು ಯಾರ ಕಡೆ ಎಂಬುದು. ಚಹಾದಂಗಡಿಯಲ್ಲಾಗಲಿ, ಬಸ್ ಸ್ಟ್ಯಾಂಡಿನಲ್ಲಾಗಲಿ ‘ಅವರ ಸಪೋರ್ಟ್ ಯಾರಿಗೆ’ ಎಂದು ಕೇಳಿದರೆ ಓಟು ಯಾರಿಗೆ ಎಂದೇ ಲೆಕ್ಕ. ಈ ಒಂದು ಮಾತಿನಿಂದ ನಮ್ಮ ಸಂಘದ ಅಧ್ಯಕ್ಷರು ಜೀಪು ಹತ್ತಿ ಬೆಂಗಳೂರಿಗೆ ಹೋಗಿ ಬಂದರು ಎಂದರೆ ಈಗಿನವರು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ನಾನು ಹೇಳಹೊರಟಿರುವುದು ಅಧ್ಯಕ್ಷರ ಕಥೆಯಲ್ಲ, ನಮ್ಮ ಗುಮಾಸ್ತ ಬೈಲಪ್ಪನವರ ಕಥೆ.

ನಾನು ಜಗಳೂರಿನ ಕಡೆಯವಳು, ಹೆಸರು ನಿರ್ಮಲಮ್ಮ. ಎಪ್ಪತ್ತೈದರಲ್ಲಿ ಚನ್ನಗಿರಿಯ ಅಡಿಕೆ ಬೆಳೆಗಾರರ ಸಂಘವೊಂದಕ್ಕೆ ಟೈಪಿಸ್ಟಾಗಿ ಬಂದಾಗ ಇಡೀ ಕಚೇರಿಗೆ ಹೆಂಗಸು ಎಂದರೆ ನಾನೊಬ್ಬಳೇ. ನಾನೇನೋ ಕಚ್ಚುತ್ತೇನೆ ಎಂಬಂತೆ ಎಲ್ಲರೂ ನನ್ನ ಕುರ್ಚಿಯನ್ನು ಬಳಸಿಕೊಂಡು ಓಡಾಡುತ್ತಿದ್ದರು. ಬೈಲಪ್ಪನವರು ಮಾತ್ರ ಮೊದಲ ದಿನವೇ ತಮ್ಮ ಬುತ್ತಿ ಬಿಚ್ಚಿ, ಒಂದು ರೊಟ್ಟಿ ನನ್ನ ಕಡೆ ಸರಿಸಿ, ‘ಕೋಳಿ ಕಾಳು ಹೆಕ್ಕಿದಂಗೆ ಕುಟ್ತಾನೇ ಇದೀಯಲ್ಲ ತಂಗಿ, ಹೊಟ್ಟೆಗೆ ಬ್ಯಾಡವೇನು’ ಎಂದರು. ಅಂದಿನಿಂದ ಅವರು ನನಗೆ ಬೈಲಪ್ಪಣ್ಣ. ಅವರ ಹೆಂಡತಿ ಅಂತರಘಟ್ಟಮ್ಮ ನನ್ನ ಮುಖ ನೋಡುವ ಮೊದಲೇ, ಆ ಹುಡುಗಿ ಹೋಟೆಲಿನ ಅನ್ನ ತಿಂದು ಸೊರಗಿದ್ದಾಳೆ ಎಂದು ತಾವೇ ತೀರ್ಮಾನಿಸಿ, ಮರುದಿನದಿಂದ ಬುತ್ತಿಗೆ ಹೆಚ್ಚು ರೊಟ್ಟಿ ಕಟ್ಟತೊಡಗಿದರು.

ಬೈಲಪ್ಪಣ್ಣ ಗೋವಿನಕೋವಿಯ ಕೂಲಿಕಾರರ ಮನೆಯಲ್ಲಿ ಹುಟ್ಟಿದವರು. ಸಂಘಕ್ಕೆ ಬಂದದ್ದು ಮೂಟೆ ಹೊರಲು. ಆಮೇಲೆ ತಕ್ಕಡಿ ಹಿಡಿದರು, ಆಮೇಲೆ ಪೆನ್ನು ಹಿಡಿದರು. ಅವರಿಗೆ ಬರವಣಿಗೆ ಕೈಗೆ ಹತ್ತಿದ್ದು ಅಡಿಕೆ ಮೂಟೆಗಳ ಮೇಲೆ ಬೆಳೆಗಾರರ ಹೆಸರನ್ನು ಕುಂಚದಲ್ಲಿ ಬರೆದೂ ಬರೆದೂ. ಅದಕ್ಕೇ ಏನೋ, ಅವರ ಅಕ್ಷರ ದುಂಡಗೆ, ದೂರದಿಂದಲೇ ಓದುವಂತೆ ಇರುತ್ತಿತ್ತು. ಇಂಗ್ಲಿಷ್ ಅಕ್ಷರಗಳನ್ನು ನನ್ನ ಟೈಪ್‌ರೈಟರ್ ನೋಡಿ ಕಲಿತರು. ಹೊನ್ನಾಳಿ, ನ್ಯಾಮತಿಗಳಲ್ಲಿ ಸಂಘದ ಶಾಖೆಗಳಿದ್ದವು. ಅಲ್ಲಿಂದ ಬಂದ ಬೆಳೆಗಾರರೂ ಇವರ ಮೇಜಿನ ಮುಂದೆಯೇ ಸಾಲು ನಿಲ್ಲುತ್ತಿದ್ದರು. ಪಕ್ಕದ ಗುಮಾಸ್ತರು ಕೈ ಕಟ್ಟಿ ಕೂತು ಮೂಗು ಮುರಿಯುತ್ತಿದ್ದರು.

ಎಂಬತ್ತನಾಲ್ಕರ ಸುಮಾರಿಗೆ ಅವರು ಎಲ್ಲರ ಊಟ ಮುಗಿದ ಮೇಲೆ ಬುತ್ತಿ ಬಿಚ್ಚತೊಡಗಿದರು. ನನಗೆ ಅನುಮಾನ ಬಂತು. ಒಂದು ಮಧ್ಯಾಹ್ನ ಹೇಳದೆ ಒಳಗೆ ಹೋದೆ. ಎರಡೂ ಕೈಯಲ್ಲಿ ಮಜ್ಜಿಗೆ ಲೋಟ ಹಿಡಿದಿದ್ದರು, ಅರ್ಧ ಮಜ್ಜಿಗೆ ಅಂಗಿಯ ಮೇಲಿತ್ತು. ಬಲಗೈ ಅವರ ಮಾತು ಕೇಳುತ್ತಿರಲಿಲ್ಲ, ಸುಮ್ಮನೆ ನಡುಗುತ್ತಿತ್ತು. ಇದು ನರದ ತೊಂದರೆ, ಮಾತ್ರೆ ನುಂಗುತ್ತಿರಬೇಕು, ಪೂರ್ತಿ ವಾಸಿಯಾಗುವಂಥದ್ದಲ್ಲ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದರಂತೆ. ಯಾರಿಗೂ ಹೇಳಬಾರದೆಂದು ನನ್ನಿಂದ ಭಾಷೆ ತೆಗೆದುಕೊಂಡರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಅಂದಿನಿಂದ ಅವರು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳುವುದು, ಕಡತಗಳ ರಾಶಿಯ ಮರೆಯಲ್ಲಿ ನಾನು ಬರೆಯುವುದು. ನನ್ನದು ಕಾಗೆ ಕಾಲಿನಂಥ ಅಕ್ಷರ. ಆದರೂ ಹಟ ಹಿಡಿದು ಅವರ ಹಾಗೆ ದುಂಡಗೆ ಬರೆಯಲು ಕಲಿತೆ. ಇಬ್ಬರ ಕೆಲಸ ಒಬ್ಬಳ ಕೈಯಲ್ಲಿ ಎಷ್ಟು ಸಾಗೀತು? ಸಾಲು ಬೆಳೆಯಿತು, ಜನ ಗೊಣಗಿದರು. ಹೊನ್ನಾಳಿ ಕಡೆಯ ನಿರ್ದೇಶಕ ಹನುಮಂತಪ್ಪನವರು ಪ್ರತಿ ಸಭೆಯಲ್ಲೂ ಬೈಲಪ್ಪನಿಗೆ ವಯಸ್ಸಾಯಿತು, ಮನೆಗೆ ಕಳಿಸೋಣ ಎಂದು ರಾಗ ಎಳೆಯತೊಡಗಿದರು. ಮನೆಗೆ ಹೋದರೆ ಬೈಲಪ್ಪಣ್ಣ ಉಪವಾಸವೇನೂ ಬೀಳುತ್ತಿರಲಿಲ್ಲ. ಆದರೆ ಮಕ್ಕಳಿಲ್ಲದ ಆ ಮನುಷ್ಯನಿಗೆ ಬಂದವರ ಹೆಸರು ಕೇಳಿ, ಊರು ಕೇಳಿ, ಬರೆದುಕೊಳ್ಳುವುದೇ ಬದುಕಾಗಿತ್ತು. ಆ ಮೇಜಿನಿಂದ ಎಬ್ಬಿಸಿದರೆ ಇವರು ಹೆಚ್ಚು ದಿನ ಉಳಿಯುವುದಿಲ್ಲ ಎಂದು ನನಗೂ ಅಂತರಘಟ್ಟಮ್ಮನಿಗೂ ಭಯವಿತ್ತು.

ಎಂಬತ್ತೇಳರಲ್ಲಿ ಸಂಘಕ್ಕೆ ಕಂಪ್ಯೂಟರ್ ತರುವ ಮಾತು ಎದ್ದಿತು. ಹಳೆಯ ತಲೆ ಬೈಲಪ್ಪ ಅಡ್ಡ ಬರುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ಎಲ್ಲರಿಗಿಂತ ಹೆಚ್ಚು ಆಸೆಪಟ್ಟವರು ಅವರೇ. ನನ್ನ ಟೈಪ್‌ರೈಟರಿನ ಕೀಲಿ ಕುಟ್ಟಲು ಅವರ ಬೆರಳಿಗೆ ಕಸುವಿರಲಿಲ್ಲ. ಕಂಪ್ಯೂಟರಿನ ಕೀಲಿ ಮುಟ್ಟಿದರೆ ಸಾಕು, ಅಕ್ಷರ ತಾನೇ ನೆಟ್ಟಗೆ ಬರುತ್ತದೆ ಎಂದು ದಾವಣಗೆರೆಯಲ್ಲಿ ನೋಡಿ ಬಂದು ನಾನೇ ಹೇಳಿದ್ದೆ. ಅದನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸಿಕೊಂಡು ಕೇಳಿದರು.

ಮೂರೂ ಕಡೆಯ ಬೆಳೆಗಾರರ ವಿವರವನ್ನು ಒಂದೆಡೆ ಇಟ್ಟು, ಕೇಳಿದ ಕೂಡಲೇ ಹುಡುಕಿ ಕೊಡುವ ಡೇಟಾಬೇಸನ್ನು ಬೆಂಗಳೂರಿನ ಕಂಪನಿಯೊಂದು ಕೊಡುತ್ತಿತ್ತು. ಆದರೆ ಡೇಟಾಬೇಸ್ ಒಂದಿದ್ದರೆ ಆಗಲಿಲ್ಲ. ಅದರ ಕೆಳಗೆ ಯಂತ್ರವನ್ನೇ ನಡೆಸುವ ಆಪರೇಟಿಂಗ್ ಸಿಸ್ಟಂ ಎಂಬುದೊಂದು ಇರಬೇಕು. ಯಂತ್ರ ಮಾರಲು ಇಬ್ಬರು ಬಂದರು, ಇಬ್ಬರದೂ ಬೇರೆ ಬೇರೆ ಸಿಸ್ಟಂ. ಒಬ್ಬನದು ಅಗ್ಗ. ಯಾವ ಡೇಟಾಬೇಸ್ ಹಾಕಿದರೂ ಓಡುತ್ತದೆ ಎಂದು ಎದೆ ತಟ್ಟಿಕೊಂಡ. ಇನ್ನೊಬ್ಬನದು ದುಬಾರಿ. ಆದರೆ ಆ ಸಿಸ್ಟಮ್ಮಿನ ಮೇಲೆ ತಮ್ಮ ಡೇಟಾಬೇಸನ್ನು ಓಡಿಸಿ, ಪರೀಕ್ಷಿಸಿ, ಸರಿಯಿದೆ ಎಂದು ಬೆಂಗಳೂರಿನ ಕಂಪನಿಯವರೇ ಪ್ರಮಾಣಪತ್ರ ಕೊಟ್ಟಿದ್ದರು. ಅಧ್ಯಕ್ಷ ತಿಪ್ಪೇರುದ್ರಸ್ವಾಮಿಯವರಿಗೆ ಸಹಜವಾಗಿ ಅಗ್ಗದ್ದೇ ಹಿಡಿಸಿತು. ಅದರ ಬಗ್ಗೆ ಕಂಪನಿಗೆ ಬರೆದು ಕೇಳಿದೆವು. ಉತ್ತರ ಇಂಗ್ಲಿಷಿನಲ್ಲಿ ಬಂತು. ನಾನು ಸಭೆಯಲ್ಲಿ ಓದಿ, ಇದನ್ನು ತೆಗೆದುಕೊಂಡರೆ ಅವರು ಸಪೋರ್ಟ್ ಮಾಡುವುದಿಲ್ಲವಂತೆ ಎಂದೆ.

ಸಂಘದ ಚುನಾವಣೆ ಹತ್ತಿರ ಬಂದಿತ್ತು. ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಮತ್ತೆ ಯಾರಿಗೆ ಮಾಡುತ್ತಾರಂತೆ ಎಂದು ಕೇಳಿದರು. ನಾನು ಇನ್ನೊಂದು ಸಿಸ್ಟಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡು, ಆ ಕಡೆಯವರಿಗೆ ಎಂದುಬಿಟ್ಟೆ. ಅವರು ಕತ್ತು ತಿರುಗಿಸಿ, ಚುನಾವಣೆಗೆ ತಮ್ಮ ಎದುರಾಳಿಯಾಗಿ ನಿಂತಿದ್ದ ಹನುಮಂತಪ್ಪನವರನ್ನು ನೋಡಿದರು. ಹನುಮಂತಪ್ಪನವರಿಗೂ ವಿಷಯ ಹೊಸದು. ಆದರೆ ಬೆಂಗಳೂರಿನ ಕಂಪನಿಯೇ ತಮ್ಮ ಬೆನ್ನಿಗಿದೆ ಎಂದು ತಿಳಿದು ಮೀಸೆಯಡಿ ನಕ್ಕರು.

ಮರುದಿನ ಬೆಳಿಗ್ಗೆ ಜೀಪು ಹೊರಟಿತು. ಹಿಂದಿನ ಸೀಟಿನಲ್ಲಿ ಒಂದು ಚೀಲ ಒಳ್ಳೆಯ ಅಡಿಕೆ, ಶಾಲು, ಗಂಧದ ಹಾರ. ಇದು ಆ ಸಪೋರ್ಟ್ ಅಲ್ಲ ಎಂದು ನಾನು ಜೀಪಿನ ಪಕ್ಕದಲ್ಲೇ ನಡೆಯುತ್ತ ಹೇಳಿದೆ. ರಾಜಕೀಯ ನಿನಗೆ ತಿಳಿಯುವುದಿಲ್ಲ ಎಂದು ನನ್ನ ಬಾಯಿ ಮುಚ್ಚಿಸಿ ಹೋದರು. ವಾಪಸು ಬಂದಾಗ ಚೀಲ ಖಾಲಿ, ಮುಖವೂ ಖಾಲಿ. ‘ಊರು ಕೇಳಲಿಲ್ಲ, ಓಟು ಎಷ್ಟೈತೆ ಅಂತ ಕೇಳಲಿಲ್ಲ ಕಣಮ್ಮ. ಸಿಸ್ಟಂ ಯಾವ್ದು, ಸಿಸ್ಟಂ ಯಾವ್ದು ಅಂತ ಅದೊಂದೇ ಕೇಳ್ತಾರೆ’ ಎಂದರು. ಆಗ ಅವರನ್ನು ಕೂರಿಸಿ ಬಿಡಿಸಿ ಹೇಳಿದೆ. ಅವರೇ ಪರೀಕ್ಷೆ ಮಾಡಿದ ಸಿಸ್ಟಂ ಆದರೆ, ಏನಾದರೂ ಕೆಟ್ಟಾಗ ಕರೆದರೆ ಬರುತ್ತಾರೆ. ಬೇರೆಯದಾದರೆ ಬರುವುದಿಲ್ಲ. ಸಪೋರ್ಟ್ ಎಂದರೆ ಇಷ್ಟೇ. ಅಧ್ಯಕ್ಷರು ಮೊದಲು ಪೆಚ್ಚಾದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡ ಮನಸ್ಸಿನವರೇ. ಆದರೆ ಅಗ್ಗದ ಯಂತ್ರದ ಆಸೆ ಮಾತ್ರ ಬಿಡಲಿಲ್ಲ.

ಮುಂದಿನ ಸಭೆಗೆ ಬೈಲಪ್ಪಣ್ಣ ತಾವಾಗಿಯೇ ಬಂದರು. ತಕ್ಕಡಿ ಹಿಡಿದ ಕಾಲದಿಂದ ಅವರು ಸಭೆಯಲ್ಲಿ ಬಾಯಿ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ತೂಕದ ಇಲಾಖೆಯ ಮುದ್ರೆ ಬೀಳದ ತಕ್ಕಡಿಯೂ ಸರಿಯಾಗಿ ತೂಗಬಹುದು, ಜಗಳ ಬಂದ ದಿನ ಮಾತ್ರ ಅದರ ಪರವಾಗಿ ಯಾರೂ ನಿಲ್ಲುವುದಿಲ್ಲ, ಸಿಸ್ಟಮ್ಮೂ ಹಾಗೆಯೇ ಎಂದು ಹೇಳಿ ನೋಡಿದರು. ಯಾರಿಗೂ ನಾಟಲಿಲ್ಲ. ಹನುಮಂತಪ್ಪನವರು ಸರಿಯಾಗಿ ತೂಗಿದರೆ ಸಾಕಲ್ಲ ಎಂದರು. ಅಧ್ಯಕ್ಷರು ತಲೆಯಾಡಿಸಿದರು. ಮಾತು ಮುಗಿಯಿತೆಂದು ನಾನು ಕಾಗದ ಎತ್ತಿಕೊಳ್ಳುತ್ತಿದ್ದೆ. ಆಗ ಬೈಲಪ್ಪಣ್ಣ ಜೇಬಿನಲ್ಲಿ ಅಡಗಿಸಿಟ್ಟಿದ್ದ ಬಲಗೈಯನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟರು. ಪಕ್ಕದಲ್ಲಿದ್ದ ನೀರಿನ ಲೋಟ ಸದ್ದು ಮಾಡತೊಡಗಿತು.

‘ಮೂರು ವರ್ಷದಿಂದ ಹಿಂಗೈತ್ರಿ’ ಎಂದರು. ‘ಬರೆಯೋದು ನಾನಲ್ಲ, ಈ ತಂಗಿ. ಆ ಯಂತ್ರದ ಮುಂದೆ ಕೂರಬೇಕು ಅನ್ನೋ ಆಸೆ ನನಗೈತೆ. ಅದು ನಿಂತು ಹೋದ್ರೆ ರಿಪೇರಿ ಮಾಡಾಕೆ ನಂಗೆ ಬರಲ್ಲ, ಕೈಯಾಗೆ ಬರೆದು ಸಂಭಾಳಿಸಾಕೂ ಆಗಲ್ಲ. ಕರೆದ್ರೆ ಬರೋರು ಇರೋದನ್ನೇ ತಗೊಳ್ರಿ.’

ಕೆಲಸ ಕಳೆದುಕೊಳ್ಳಲು ಬೇಕಾದದ್ದನ್ನೆಲ್ಲ ಬೈಲಪ್ಪಣ್ಣ ತಾವೇ ಹೇಳಿಬಿಟ್ಟಿದ್ದರು. ತಿಪ್ಪೇರುದ್ರಸ್ವಾಮಿಯವರು ಎದ್ದು ಬಂದು ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು, ಮೊದಲೇ ಹೇಳಲು ಏನಾಗಿತ್ತು ಎಂದು ಗದರಿದರು. ಗದರಿದ ದನಿ ಒಡೆದಿತ್ತು. ದುಬಾರಿ ಯಂತ್ರಕ್ಕೇ ಒಪ್ಪಿಗೆ ಬಿತ್ತು. ಹನುಮಂತಪ್ಪನವರು ಕೆಟ್ಟವರಲ್ಲ, ಆದರೆ ಪಟ್ಟು ಬಿಡುವವರೂ ಅಲ್ಲ. ಯುಗಾದಿಯೊಳಗೆ ಬೈಲಪ್ಪ ಅದರಲ್ಲಿ ಕೆಲಸ ಮಾಡಿ ತೋರಿಸಲಿ, ಆಗದಿದ್ದರೆ ನಿವೃತ್ತಿ ಎಂದರು. ಎಲ್ಲರಿಗಿಂತ ಮೊದಲು ಹೂಂ ಎಂದವರು ಬೈಲಪ್ಪಣ್ಣ.

ಸಂಕ್ರಾಂತಿ ಕಳೆದ ಮೇಲೆ ಯಂತ್ರ ಬಂತು. ಡೇಟಾಬೇಸ್ ಒಂದು ಸಲವೂ ತಕರಾರು ಮಾಡಲಿಲ್ಲ. ತಕರಾರು ಮಾಡಿದ್ದು ಬೆರಳು. ಕೀಲಿಯ ಮೇಲೆ ಇಟ್ಟರೆ ಬೇಗ ಮೇಲೇಳುತ್ತಿರಲಿಲ್ಲ. ಅದು ಏಳುವಷ್ಟರಲ್ಲಿ ಪರದೆಯ ತುಂಬ ಅದೇ ಅಕ್ಷರ ಸಾಲುಗಟ್ಟಿ ಓಡುತ್ತಿತ್ತು. ನ್ಯಾಮತಿಯ ಕೊಲ್ಲಾಪುರಮ್ಮ ಎಂಬ ಬೆಳೆಗಾರ್ತಿಯ ಹೆಸರನ್ನು ಇಂಗ್ಲಿಷಿನಲ್ಲಿ ಹೊಡೆಯಲು ಕೂತರೆ ಮೊದಲ ‘ಕೆ’ ಅಕ್ಷರವೇ ಸಾಲು ತುಂಬಿ ಕೆಳಗಿಳಿಯುತ್ತಿತ್ತು. ಅಳಿಸುವರು, ಮತ್ತೆ ಒತ್ತುವರು, ಮತ್ತೆ ಹಾಗೇ. ಬಿಡಿ, ನಾನು ಹೊಡೆಯುತ್ತೇನೆ ಎಂದು ಕೈ ಚಾಚಿದರೆ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ‘ನೀನು ಒತ್ತಿದ್ರೆ ಕುರ್ಚಿ ನಿಂದು ತಂಗಿ, ನಂದಲ್ಲ.’

ಯುಗಾದಿ ಬಾಗಿಲಿಗೆ ಬಂತು. ಬೈಲಪ್ಪಣ್ಣ ಊಟ ಕಡಿಮೆ ಮಾಡಿದ್ದಾರೆ ಎಂದು ಅಂತರಘಟ್ಟಮ್ಮ ಕಚೇರಿಯ ತನಕ ಬಂದು ಅತ್ತು ಹೋದರು. ನನಗೆ ತಡೆಯಲಾಗಲಿಲ್ಲ. ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡಿ, ಅಕ್ಷರ ಹೆಚ್ಚಿಗೆ ಬೀಳುತ್ತಿದೆ, ಯಂತ್ರ ಕೆಟ್ಟಿದೆ, ಯಾರನ್ನಾದರೂ ಕಳಿಸಿ ಎಂದು ಜೋರು ಮಾಡಿದೆ. ಕೊಟ್ಟ ಮಾತಿನಂತೆ ಕಂಪನಿಯವರು ಕಳಿಸಿದರು. ತಿಪ್ಪೇಶಪ್ಪ ಎಂಬ ಇಂಜಿನಿಯರು, ನಡುವಯಸ್ಸಿನವರು, ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಸುಸ್ತಾಗಿದ್ದರು. ಎಲ್ಲವನ್ನೂ ತಾವೇ ಒತ್ತಿ ನೋಡಿದರು. ಯಂತ್ರದಲ್ಲಿ ಯಾವ ದೋಷವೂ ಇಲ್ಲ ಎಂದು ಬ್ಯಾಗು ಹೆಗಲಿಗೇರಿಸಿದರು. ನನ್ನ ಜೀವ ಅಲ್ಲೇ ಇಳಿದು ಹೋಯಿತು.

ಬೈಲಪ್ಪಣ್ಣ ಎದ್ದು ನಿಂತರು. ‘ತಪ್ಪು ಯಂತ್ರದ್ದಲ್ಲ ಸ್ವಾಮಿ, ನನ್ನ ಕೈಯ್ದು’ ಎಂದು ಅದನ್ನು ಮುಂದೆ ಚಾಚಿದರು. ‘ಇದಕ್ಕೂ ನಿಮ್ಮ ಸಪೋರ್ಟ್ ಐತೇನ್ರಿ?’

ತಿಪ್ಪೇಶಪ್ಪ ಆ ಕೈಯನ್ನು ನೋಡಿದರು. ಬ್ಯಾಗು ಇಳಿಸಿದರು. ಬೈಲಪ್ಪಣ್ಣನನ್ನು ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ತಾವೊಂದು ಸ್ಟೂಲು ಎಳೆದುಕೊಂಡು, ಒಂದು ಹೆಸರು ಹೊಡೆಯಲು ಹೇಳಿ ಸುಮ್ಮನೆ ನೋಡುತ್ತ ಕೂತರು. ಆಮೇಲೆ ತಾವು ಏನೇನೋ ಒತ್ತಿದರು. ಪರದೆಯ ಮೇಲೆ ನಾವು ಎಂದೂ ಕಾಣದ ಒಂದು ಪುಟ ತೆರೆಯಿತು. ಕೀಲಿ ಒತ್ತಿ ಹಿಡಿದರೆ ಅಕ್ಷರ ಮತ್ತೆ ಮತ್ತೆ ಬೀಳುವಂತೆ ಮಾಡಿರುತ್ತಾರೆ, ಅದನ್ನು ಅಲ್ಲಿ ನಿಲ್ಲಿಸಬಹುದಂತೆ. ನಿಲ್ಲಿಸಿದರು.

‘ಈಗ ಒತ್ರಿ ಯಜಮಾನ್ರೆ. ಬೆರಳು ಎಷ್ಟು ಹೊತ್ತಾದ್ರೂ ಅಲ್ಲೇ ಇರಲಿ, ಅವಸರ ಇಲ್ಲ.’

ಬೈಲಪ್ಪಣ್ಣ ‘ಕೆ’ ಒತ್ತಿದರು. ಬೆರಳು ಕೀಲಿಯ ಮೇಲೆಯೇ ಉಳಿದು ನಡುಗುತ್ತಿತ್ತು. ಪರದೆಯ ಮೇಲೆ ಒಂದೇ ಒಂದು ಅಕ್ಷರ ನಿಂತಿತ್ತು. ಮೂವರೂ ಕಾದೆವು, ಎರಡನೆಯದು ಬರಲಿಲ್ಲ. ಅವರು ಕೈಯೆತ್ತಿ ಮುಂದಿನದನ್ನು ಹುಡುಕಿದರು. ಎರಡು ‘ಎಲ್’ ಬೇಕಾದ ಕಡೆ ತಾವೇ ನೆನಪಿಟ್ಟು ಎರಡು ಸಲ ಒತ್ತಿದರು. ಕೊಲ್ಲಾಪುರಮ್ಮನ ಹೆಸರು ಪೂರ್ತಿಯಾದಾಗ ತಿಪ್ಪೇಶಪ್ಪ ಮುಖ ತಿರುಗಿಸಿಕೊಂಡು ಕನ್ನಡಕ ಒರೆಸುತ್ತಿದ್ದರು. ಬೈಲಪ್ಪಣ್ಣ ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ.

‘ಮುಂದಿನ ಹೆಸರು ಹೇಳು ತಂಗಿ’ ಎಂದರು.

ನಾನು ಬೆಳೆಗಾರರ ಪಟ್ಟಿ ಬಿಚ್ಚಿದೆ. ಅವರು ಬೆರಳು ಎತ್ತಿ ಹಿಡಿದು ಕಾಯುತ್ತ ಕೂತರು.