ಕಾಲಿಗೆ ಬಾರದ ಹೊಲಿಗೆ

ಜೋಗುಪಾಳ್ಯದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಇಪ್ಪತ್ತೆರಡು ವರ್ಷ ರವಿಕೆ ಹೊಲಿದವಳು ನಾನು. ತೋಳು ಬಿಗಿ ಎಂದು ಯಾರೂ ವಾಪಸು ತಂದದ್ದಿಲ್ಲ. ಒಬ್ಬರು ತಂದಿದ್ದರು, ಅವರು ದಪ್ಪಗಾಗಿದ್ದರು. ಹೊಲಿಯಲು ಕೊಡುವವರು ಕಡಿಮೆಯಾದ ಮೇಲೆ ಗರುಡಾಚಾರ್‌ಪಾಳ್ಯದ ಒಂದು ಗಾರ್ಮೆಂಟ್ಸಿಗೆ ಸೇರಿದೆ. ಕಲಿಯುವುದಕ್ಕೆ ಹೋಗುತ್ತಿದ್ದೇನೆ ಎಂದು ನನಗೆ ಅನ್ನಿಸಿರಲೇ ಇಲ್ಲ.

ಮೊದಲ ದಿನವೇ ಸೂಪರ್‌ವೈಸರ್ ಹೇಳಿದರು, "ಶನಿವಾರ ಟೆಸ್ಟ್ ಇರತ್ತೆ. ನೆಟ್ಟಗೆ ಹೊಲಿದ್ರೆ ಮಿಷನ್ನು, ಇಲ್ಲಾಂದ್ರೆ ಹೆಲ್ಪರ್." ಹೆಲ್ಪರ್ ಎಂದರೆ ಬೇರೆಯವರು ಹೊಲಿದ ಬಟ್ಟೆಯ ದಾರ ಕತ್ತರಿಸುತ್ತ ನಿಲ್ಲುವುದು. ಬೀದಿಯೆಲ್ಲ ಟೈಲರಮ್ಮ ಎಂದು ಕರೆಸಿಕೊಂಡವಳಿಗೆ ಅದಕ್ಕಿಂತ ಅವಮಾನ ಇನ್ನೇನಿದೆ?

ನನ್ನನ್ನು ಪಕ್ಕದ ಮಿಷನ್ನಿನ ಹುಡುಗಿಗೆ ಒಪ್ಪಿಸಿದರು. ಕಲಬುರಗಿ ಕಡೆಯವಳು, ಕೆ.ಆರ್. ಪುರದಲ್ಲಿ ಬಾಡಿಗೆ ರೂಮು, ನನ್ನ ಮಗಳಿಗಿಂತ ಚಿಕ್ಕವಳು. ಅವಳು ಸೂಜಿಯಿಂದ ದಾರ ತೆಗೆದು, ಗೆರೆ ಎಳೆದ ಒಂದು ಕಾಗದವನ್ನು ನನ್ನ ಮುಂದಿಟ್ಟಳು.

"ಅಕ್ಕಾ, ಮೊದಲ ಇದರ ಮ್ಯಾಲ ಹೊಡೀರಿ. ಗೆರಿ ಬಿಟ್ಟು ಹೋಗಬಾರದು."

"ನಾನೇನು ಅಂಗನವಾಡಿಗೆ ಬಂದಿದೀನಾ? ಬಟ್ಟೆ ಕೊಡಮ್ಮ" ಎಂದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ಬಟ್ಟೆ ಕೊಟ್ಟಳು. ಮನೆಯ ಮಿಷನ್ನನ್ನು ಎರಡೂ ಪಾದದಿಂದ ಹಿಂದೆ ಮುಂದೆ ತುಳಿಯಬೇಕು. ಇಲ್ಲಿಯದು ಕರೆಂಟಿನದು. ಒತ್ತಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ನನ್ನ ಕಾಲುಗಳಿಗೆ ಅದು ಗೊತ್ತಿಲ್ಲ. ಅಭ್ಯಾಸದಂತೆ ತುಳಿದವು, ಬಟ್ಟೆ ಕೈತಪ್ಪಿ ಓಡಿತು. ಮೂರು ದಿನ ಹೀಗೇ ಆಯಿತು. ಬೆಲ್ಟು ಸರಿಯಿಲ್ಲ ಎಂದೆ, ಬೆಳಕು ಸಾಲದು ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ನಾನೇ ಎಷ್ಟು ಜನರಿಗೆ ಹೇಳಿದ್ದೆನೋ.

ಗುರುವಾರ ಊಟದ ಹೊತ್ತಿನಲ್ಲಿ ಅವಳನ್ನು ಕೇಳಿದೆ, "ನೀನು ಎಷ್ಟು ದಿನಕ್ಕೆ ಕಲಿತೆ?"

"ನಾಕು ದಿನಕ್ಕ್ರಿ."

"ಊರಲ್ಲಿ ಹೊಲೀತಿದ್ಯಾ?"

"ಇಲ್ರಿ. ಸೂಜಿ ಸುದ್ದಾ ಹಿಡಿದಾಕಿ ಅಲ್ಲ. ಏನೂ ಬರ್ತಿದ್ದಿಲ್ಲ, ಹೇಳಿದ್ದು ಹೇಳ್ದಂಗ ಮಾಡ್ದೆ."

ಚುಚ್ಚಿ ಹೇಳಿದ ಮಾತಲ್ಲ ಅದು. ಆದರೂ ನನಗೆ ನಾಚಿಕೆಯಾಯಿತು, ಡಬ್ಬಿ ಮುಚ್ಚಿ ಎದ್ದೆ. ಮಿಷನ್ನಿಗೆ ವಾಪಸು ಬಂದವಳೇ, "ಆ ಕಾಗದ ಕೊಡು. ನಂಗೆ ಇದು ಬರಲ್ಲ, ಹೇಳ್ಕೊಡು" ಎಂದೆ. ಹೊಲಿಗೆಯ ವಿಷಯದಲ್ಲಿ 'ಬರಲ್ಲ' ಎಂಬ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಕಾಗದದ ಮೇಲೂ ನನ್ನ ಕಾಲು ಕುಣಿಯುತ್ತಲೇ ಇತ್ತು. ಅವಳು ಸ್ವಲ್ಪ ಹೊತ್ತು ನೋಡಿ, ಹಿಂಜರಿದು, "ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾ" ಎಂದಳು. ಬಗ್ಗಿ ನನ್ನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಕಾಲು ತಗುಲಿದ ಮೇಲೆ ಎಲ್ಲರೂ ಮಾಡುವುದನ್ನು ಅವಳು ಮೊದಲೇ ಮಾಡಿದ್ದಳು. ಆಮೇಲೆ ಚಪ್ಪಲಿ ಬಿಟ್ಟು, ತನ್ನ ಕಾಲನ್ನು ಪೆಡಲ್ ಮೇಲಿದ್ದ ನನ್ನ ಬಲಗಾಲಿನ ಮೇಲಿಟ್ಟಳು.

ಸೋಮವಾರ ಹೀಗೆ ಮಾಡಿದ್ದರೆ ರಂಪ ಮಾಡಿಬಿಡುತ್ತಿದ್ದೆ. ಅಂದು ಕಾಲು ಸಡಿಲ ಬಿಟ್ಟೆ. ಅವಳು ಒಂಚೂರು ಒತ್ತಿದಳು, ನಾಲ್ಕು ತೂತು ಬಿದ್ದವು. ಸಡಿಲಿಸಿದಳು, ನಿಂತಿತು. ಇಷ್ಟು ಹಗುರವಾಗಿ ಒತ್ತಬೇಕು ಎಂದು ಯಾರು ಬಾಯಲ್ಲಿ ಹೇಳಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಸಂಜೆ ಕಾಗದವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆವು. ಸೂಜಿಯ ತೂತುಗಳು ಅಲ್ಲಲ್ಲಿ ಗೆರೆ ಬಿಟ್ಟಿದ್ದವು. ಶುಕ್ರವಾರದ ಹೊತ್ತಿಗೆ ಗೆರೆಯ ಮೇಲೇ ಕೂತವು.

ಶನಿವಾರ ಸೂಪರ್‌ವೈಸರ್ ನನ್ನ ಹೊಲಿಗೆಯನ್ನು ಎಳೆದು ನೋಡಿ, "ಹೋಗಿ, ಮಿಷನ್ ಮೇಲೆ ಕೂತ್ಕೊಳ್ಳಿ" ಎಂದರು. ಹುಡುಗಿ ತಲೆಯೆತ್ತಿ ನಕ್ಕು, ತನ್ನ ಕೆಲಸಕ್ಕೆ ಬಗ್ಗಿದಳು.

ಈಗ ಅವಳು ಬೇರೆ ಕಡೆ ಕೆಲಸಕ್ಕೆ ಹೋಗಿದ್ದಾಳೆ. ಬೆಳಿಗ್ಗೆ ಎಲ್ಲರೂ ಮಿಷನ್ನಿನ ತಲೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಕೆಲಸ ಶುರು ಮಾಡುತ್ತಾರೆ. ನಾನು ಬಗ್ಗಿ ಪೆಡಲ್ ಮುಟ್ಟುತ್ತೇನೆ. "ಅದು ಕಾಲಿಡೋ ಜಾಗ ಕಣಕ್ಕಾ" ಎಂದು ಪಕ್ಕದವರು ನಗುತ್ತಾರೆ. ನಗಲಿ. ದೊಡ್ಡವಳಾದ ನಾನು ಅವಳ ಕಾಲು ಮುಟ್ಟಲು ಹೋಗಿದ್ದರೆ ಹೌಹಾರಿ ಓಡುತ್ತಿದ್ದಳು. ಅದಕ್ಕೇ ಅವಳು ಕಾಲಿಟ್ಟ ಜಾಗವನ್ನು ಮುಟ್ಟುತ್ತೇನೆ.