ರಷ್ಯಾಕ್ಕಾಗಿ ಒಂದು ನಮೋ ಮರಿಯೆ

ನಮ್ಮ ಮನೆಯಲ್ಲಿ ಸಂಜೆಯ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಮುಗಿಯುವ ಮೊದಲು ರಷ್ಯಾ ದೇಶದ ಮನಪರಿವರ್ತನೆಗೆಂದು ಒಂದು ನಮೋ ಮರಿಯೆ, ಅಂದರೆ ಮರಿಯ ಮಾತೆಗೆ ಸಲ್ಲಿಸುವ ಪುಟ್ಟ ಜಪ, ಹೇಳುವ ಕ್ರಮವಿತ್ತು. ಝಾರ್ ದೊರೆ ಪಟ್ಟದಿಂದ ಇಳಿದ ವರ್ಷವೇ ಪೋರ್ಚುಗಲ್ಲಿನ ಫಾತಿಮಾದಲ್ಲಿ ಆ ಮಾತೆ ಮೂವರು ಮಕ್ಕಳಿಗೆ ಕಾಣಿಸಿಕೊಂಡು ರಷ್ಯಾದ ಹೆಸರು ಎತ್ತಿದಳೆಂದು ನಂಬಿದವರು ನಾವು. ಮಂಗಳೂರು ಕಡೆಯ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಈ ಪ್ರಾರ್ಥನೆ ಇತ್ತು. ಆದರೆ ನನ್ನ ಅತ್ತೆ ಅದನ್ನು ಹೇಳುವಾಗ ಮಾತ್ರ ಸ್ವರ ಸ್ವಲ್ಪ ಏರುತ್ತಿತ್ತು, ಮುಖ ಜಗಲಿಯ ಕಡೆಗೆ ತಿರುಗುತ್ತಿತ್ತು. ಜಗಲಿಯಲ್ಲಿ ಮಾವ ಬೀಡಿ ಸೇದುತ್ತ ಕುಳಿತಿರುತ್ತಿದ್ದರು.

ಮಾವ ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ಕೆಂಪು ಬಾವುಟದ ಯೂನಿಯನ್ನಿನವರು. ಒಂದು ಮುಷ್ಕರದ ಕಾಲದಲ್ಲಿ ಇಗರ್ಜಿಗೆ ಹೋಗುವುದನ್ನು ಬಿಟ್ಟವರು ಮತ್ತೆ ಹೋಗಲಿಲ್ಲ. ಮನೆಯ ಪ್ರಾರ್ಥನೆಗೂ ಕೂರಲಿಲ್ಲ. ಅತ್ತೆಯ ಪಾಲಿಗೆ ರಷ್ಯಾ ಇದ್ದದ್ದು ಜಗಲಿಯಲ್ಲೇ. ಕೊನೆಯ ದಿನಗಳಲ್ಲಿ ನನ್ನ ಕೈ ಹಿಡಿದು, "ಅವರು ಒಳಗೆ ಬಂದು ನಮ್ಮೊಟ್ಟಿಗೆ ಕೂರುವ ತನಕ ಆ ನಮೋ ಮರಿಯೆ ಬಿಡ್ಬೇಡ ಬಾಯೆ" ಎಂದಿದ್ದರು. ಹೂಂ ಎಂದಿದ್ದೆ.

ಆ ಮಾತನ್ನು ಒಮಾನಿಗೂ ಹೊತ್ತು ತಂದೆ. ನನ್ನ ಗಂಡನಿಗೆ ಬರ್ಕಾದಲ್ಲಿ ತರಕಾರಿ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಅಕೌಂಟ್ಸ್ ಕೆಲಸ. ಇಗರ್ಜಿಯ ಪೂಜೆಗೆ ಮಸ್ಕತ್ತಿಗೆ ಹೋಗಬೇಕಾದರೂ ಶುಕ್ರವಾರ ಕಾರಿನಲ್ಲಿ ಜಾಗ ಕೊಡುವ ಒಬ್ಬರಲ್ಲ ಒಬ್ಬರು ಸಿಗುತ್ತಿದ್ದರು. ಅದೂ ದೇವರ ದಯೆಯೇ. ೧೯೯೧ರ ಚಳಿಗಾಲದಲ್ಲಿ ಮಾವ ವಿಸಿಟ್ ವೀಸಾದಲ್ಲಿ ಬಂದರು. ಸಂಜೆ ನಾನು ಮೇಣದ ಬತ್ತಿ ಹಚ್ಚಿದೊಡನೆ ಎದ್ದು ಹೊರಗಿನ ಪ್ಯಾಸೇಜಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಳ್ಳುತ್ತಿದ್ದರು. ಜಗಲಿ ಇಲ್ಲದ ಕಟ್ಟಡದಲ್ಲಿ ಅವರೇ ಒಂದು ಜಗಲಿ ಮಾಡಿಕೊಂಡರು.

ಹತ್ತನೆಯ ತರಗತಿಯಲ್ಲಿದ್ದ ಮಗಳಿಗೆ ಇತಿಹಾಸದಲ್ಲಿ ರಷ್ಯಾದ ಕ್ರಾಂತಿಯ ಪಾಠವಿತ್ತು. ಅಜ್ಜನೇ ಮೇಷ್ಟ್ರಾದರು.

"ಅಜ್ಜ, ಕಾಝಸ್ ಆಫ್ ದ ರೆವಲ್ಯೂಷನ್ ಅಂತ ಪಾಯಿಂಟ್ಸ್ ಉಂಟು. ಬೈಹಾರ್ಟ್ ಮಾಡ್ಬೇಕು, ಅಷ್ಟೇ."

"ಪಾಯಿಂಟನ್ನು ಆಚೆ ಇಡು. ಹಿಮ ಬೀಳ್ತಾ ಉಂಟು. ರೊಟ್ಟಿ ಅಂಗಡಿ ಎದುರು ಹೆಂಗಸರು ನಿಂತಿದ್ದಾರೆ, ಬೆಳಗ್ಗಿಂದ. ಗಂಡಂದಿರೆಲ್ಲ ಯುದ್ಧಕ್ಕೆ ಹೋದದ್ದು. ಅಂಗಡಿಯವ ರೊಟ್ಟಿ ಮುಗೀತು ಅಂತ ಬಾಗಿಲು ಹಾಕಿದ. ನೀನಾದ್ರೆ ಎಂತ ಮಾಡ್ತಿ?"

"ಐ ವಿಲ್ ಗೋ ಹೋಮ್."

"ಮನೆಯಲ್ಲಿ ಮಕ್ಕಳು ಹಸಿದು ಕೂತಿದ್ದಾರೆ ಮಾರಾಯ್ತಿ! ಎಂತ ಮುಖ ಇಟ್ಕೊಂಡು ಹೋಗ್ತಿ?"

ನಾನು ಅಡುಗೆಮನೆಯಲ್ಲಿ ಮೀನು ತೊಳೆಯುತ್ತ ಕೇಳುತ್ತಿದ್ದೆ. ಗಿರಣಿಯ ಹೆಂಗಸರು ರೊಟ್ಟಿ ಕೇಳುತ್ತ ಬೀದಿಗೆ ಇಳಿದದ್ದು, ಗುಂಡು ಹಾರಿಸಬೇಕಾದ ಸೈನಿಕರೇ ಅವರ ಪಕ್ಕಕ್ಕೆ ಬಂದು ನಿಂತದ್ದು, ತಲೆತಲಾಂತರದಿಂದ ಆಳಿದ ದೊರೆ ರೈಲು ಡಬ್ಬಿಯೊಳಗೆ ಕುಳಿತು ರಾಜ್ಯ ಬಿಟ್ಟುಕೊಟ್ಟದ್ದು, ಅದೇ ವರ್ಷ ಮುಗಿಯುವುದರೊಳಗೆ ಕೆಂಪು ಬಾವುಟದವರು ಅಧಿಕಾರ ಹಿಡಿದದ್ದು, ಎಲ್ಲವನ್ನೂ ಮಾವ ಪಕ್ಕದ ಓಣಿಯಲ್ಲಿ ನಡೆದಂತೆ ಹೇಳಿದರು.

"ದೊರೆಯ ಮಕ್ಕಳು ಏನಾದ್ರು?" ಮಗಳು ಕೇಳಿದಳು.

ಮಾವ ಅವಳ ಪುಸ್ತಕ ಮುಚ್ಚಿದರು. "ಕೊಂದರು," ಎಂದರು. "ಅದು ಮಾಡ್ಬಾರದಿತ್ತು. ನಿನ್ನ ಪುಸ್ತಕದಲ್ಲಿ ಇಲ್ಲದಿದ್ರೂ ನೆನಪಿಟ್ಕೋ."

ಕ್ರಿಸ್ಮಸ್ಸಿನ ದಿನವೇ ಸೋವಿಯತ್ ಒಕ್ಕೂಟದ ಅಧ್ಯಕ್ಷರು ಕೆಳಗಿಳಿದು ಕೆಂಪು ರಷ್ಯಾ ಕೊನೆಗೊಂಡ ಸುದ್ದಿ ನಮಗೆ ತಿಳಿದದ್ದು ಮರುದಿನ. ಅಂದು ಗುರುವಾರ, ರಜೆ. ಗಂಡನ ಸ್ನೇಹಿತರೊಬ್ಬರು, ನಮ್ಮ ಊರಿನವರೇ, ಹೆಂಡತಿಯೊಂದಿಗೆ ಹಬ್ಬದ ಮಾತಿಗೆ ಬಂದಿದ್ದರು. ಒಳಗೆ ಕಾಲಿಡುತ್ತಲೇ ಅವರು, "ಎಂತ ಕಾಮ್ರೇಡ್, ನಿಮ್ಮ ರಷ್ಯಾ ಖಲಾಸ್! ಇನ್ನು ಯಾರಿಗೆ ಜೈ ಹೇಳುವುದು?" ಎಂದರು.

"ನಿಮ್ಮ ಕಫೀಲನಿಗೆ," ಎಂದರು ಮಾವ. ಕಫೀಲ್ ಎಂದರೆ ನಮಗೆಲ್ಲ ವೀಸಾ ಕೊಟ್ಟು ಇಟ್ಟುಕೊಂಡ ಧಣಿ. ಬಂದವರು ಜೋರಾಗಿ ನಕ್ಕರು. ಮಾವ ನಗಲಿಲ್ಲ.

ಟಿವಿಯ ಇಂಗ್ಲಿಷ್ ವಾರ್ತೆಯಲ್ಲಿ ಕೆಂಪು ಬಾವುಟ ಕಂಬದಿಂದ ಇಳಿಯುವುದನ್ನು ತೋರಿಸಿದರು. ಆಮೇಲೆ ಒಂದು ಅಂಗಡಿ. ಅದರ ಮುಂದೆ ತಲೆಗೆ ದಪ್ಪ ಬಟ್ಟೆ ಸುತ್ತಿಕೊಂಡ ಹೆಂಗಸರ ಸಾಲು. ಮಾವ ಕುರ್ಚಿಯಿಂದ ಮುಂದಕ್ಕೆ ಬಾಗಿದರು.

"ನೋಡು," ಎಂದರು, ಯಾರಿಗೋ ಗೊತ್ತಿಲ್ಲ. "ರೊಟ್ಟಿಗೆ ನಿಂತವರು ದೊರೆಯನ್ನು ಇಳಿಸಿದ್ದು. ಅವರ ಮೊಮ್ಮಕ್ಕಳು ಪುನಃ ರೊಟ್ಟಿಗೇ ನಿಂತಿದ್ದಾರೆ."

ಎದುರಿಗಿದ್ದ ಹಬ್ಬದ ಸಿಹಿ ನೆವ್ರಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮಗನ ಕಡೆಗೆ ತಿರುಗಿ, "ನನ್ನ ಟಿಕೆಟನ್ನು ಬೇಗಕ್ಕೆ ಮಾಡಿಸು. ನಾನು ಊರಿಗೆ ಹೋಗ್ತೇನೆ" ಎಂದು ಹೊರಗೆ ಹೋದರು. ಪ್ಯಾಸೇಜಿನಲ್ಲಿ ಕುರ್ಚಿ ಎಳೆದ ಸದ್ದಾಯಿತು.

ಪ್ರಾರ್ಥನೆಯ ಹೊತ್ತು. ಬಂದವರೂ ಕುಳಿತರು. ಸ್ನೇಹಿತರ ಹೆಂಡತಿ ನನ್ನ ಮೊಣಕೈ ಮುಟ್ಟಿ, "ನಿನ್ನ ಅತ್ತೆ ಇರ್ಬೇಕಿತ್ತು! ಇಷ್ಟು ವರ್ಷ ಬೇಡಿದ್ದು ಫಲಿಸಿತಲ್ಲ. ಇವತ್ತು ಅದೇ ಜಾಗದಲ್ಲಿ ಒಂದು ಸ್ತುತಿ ಹೇಳುವ, ದೊಡ್ಡಕ್ಕೆ" ಎಂದರು. ಮಗಳೋ, "ದೆನ್ ಟುಮಾರೋ ಆನ್ವರ್ಡ್ಸ್ ಒಂದು ನಮೋ ಮರಿಯೆ ಕಮ್ಮಿ, ಅಲ್ವಾ ಮಮ್ಮಿ?" ಎಂದಳು.

ಹತ್ತು ಹತ್ತರಂತೆ ಐದು ಸುತ್ತು ಜಪಮಣಿಗಳು ಸರಿಯುವವರೆಗೂ ನನಗೆ ಅದೇ ಯೋಚನೆ. ಸ್ತುತಿ ಹೇಳಿದರೆ ಗೋಡೆಯಾಚೆ ಕುಳಿತ ಮುದುಕನನ್ನು ಹೊಡೆದ ಹಾಗೆ. ಆಮೇಲೆ ಅವರು ಇನ್ನು ಯಾವ ಜನ್ಮದಲ್ಲಿ ಒಳಗೆ ಬಂದಾರು? ಬಿಟ್ಟುಬಿಟ್ಟರೆ ಅತ್ತೆಗೆ ಕೊಟ್ಟ ಮಾತು ಮುರಿದ ಹಾಗೆ. ಬೇಡಿದ್ದು ಈಡೇರಿತು ಎನ್ನಲು ಬಾಯಿ ಬರಲಿಲ್ಲ. ಅತ್ತೆ ಬೇಡಿದ್ದು ಇದನ್ನಲ್ಲ. ಆ ಬಾವುಟ ಇಳಿದಾಗ ದೇವರಿಲ್ಲದ ಒಂದು ರಾಜ್ಯ ಹೋಯಿತೆಂದು ನನಗೂ ಸಮಾಧಾನವಿತ್ತು, ಸುಳ್ಳು ಹೇಳಲಾರೆ. ಆದರೆ ಸಾಲಿನಲ್ಲಿದ್ದ ಒಬ್ಬಳು ಕೈಚೀಲವನ್ನು ಎದೆಗೆ ಅವಚಿಕೊಂಡು ನಿಂತ ರೀತಿ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

"ರೊಟ್ಟಿಗಾಗಿ ಚಳಿಯಲ್ಲಿ ನಿಂತ ರಷ್ಯಾದ ಹೆಂಗಸರಿಗಾಗಿ, ಒಂದು ನಮೋ ಮರಿಯೆ," ಎಂದೆ.

ಸ್ನೇಹಿತರ ಹೆಂಡತಿ ನನ್ನ ಮುಖ ನೋಡಿದರು. ಹೊರಗಿನಿಂದ ಮಾವನ ಸ್ವರ ಬಂತು:

"ಯಾರಿಗೆ ಅಂದದ್ದು?"

"ಟಿವಿಯಲ್ಲಿ ತೋರಿಸಿದ್ರಲ್ಲ ಮಾವ, ಆ ಕ್ಯೂನವರಿಗೆ."

ಆಮೇಲೆ ಕುರ್ಚಿ ಎಳೆಯುವುದು ಕೇಳಿಸಿತು. ಮಾವ ಅದನ್ನು ಬಾಗಿಲಿನೊಳಕ್ಕೆ ತಂದು, ಹೊಸ್ತಿಲಿನಿಂದ ಈಚೆಗೆ ಹಾಕಿಕೊಂಡು ಕುಳಿತರು. "ನನ್ನ ಬಾಯಿಂದ ಪ್ರಾರ್ಥನೆ ಬರ್ಲಿಕ್ಕಿಲ್ಲ. ಕೂತ್ಕೊಳ್ತೇನೆ, ಅಷ್ಟೇ. ನೀವು ಹೇಳಿ," ಎಂದರು.

ಹೇಳಿದೆವು. ಮಗಳೇ ಆರಂಭಿಸಿದಳು.

ಟಿಕೆಟಿನ ಮಾತು ಮತ್ತೆ ಬರಲಿಲ್ಲ. ವೀಸಾ ಮುಗಿಯುವವರೆಗೂ ಮಾವ ಸಂಜೆ ಹೊಸ್ತಿಲಿನಿಂದ ಈಚೆಗೇ ಕುಳಿತರು. ಶಿಲುಬೆಯ ಗುರುತು ಮಾಡಲಿಲ್ಲ, ತುಟಿ ಅಲುಗಿಸಲಿಲ್ಲ. ಅತ್ತೆ ಇದನ್ನು ಕೂತದ್ದೆಂದು ಒಪ್ಪುತ್ತಿದ್ದರೋ ಇಲ್ಲವೋ, ನಾನಂತೂ ಒಪ್ಪಿ ದೇವರಿಗೆ ವಂದಿಸಿದೆ. ಆದರೆ ರಷ್ಯಾದ ನಮೋ ಮರಿಯೆಯ ಜಾಗ ಬಂದಾಗ ಮಾವ ಕೈ ಎತ್ತಿ ತಡೆಯುತ್ತಿದ್ದರು.

"ತಡಿ. ಇವತ್ತಿನ ನ್ಯೂಸಿನಲ್ಲಿ ಪೆನ್ಶನ್ ಸಿಗದ ಮುದುಕರನ್ನು ತೋರಿಸಿದ್ರು. ಅವರನ್ನೂ ಸೇರಿಸು. ಗಣಿಯವರನ್ನೂ."

"ಅಜ್ಜ!" ಮಗಳು ಮೊಣಕಾಲು ಉಜ್ಜಿಕೊಳ್ಳುತ್ತ ಗೊಣಗುತ್ತಿದ್ದಳು. "ಪ್ರೇ ಮಾಡುವವರು ನಾವು. ನೀವು ಕುರ್ಚಿಯಲ್ಲಿ ಕೂತು ಲಿಸ್ಟ್ ಮಾತ್ರ ಕೊಡುವುದಾ?"

"ಹೌದು ಮತ್ತೆ," ಎನ್ನುತ್ತಿದ್ದರು ಮಾವ. "ನಾನು ಯೂನಿಯನ್ನಿನವ ಅಲ್ವಾ? ಬೇಡಿಕೆ ಇಡುವುದು ನನ್ನ ಕೆಲಸ. ಹೂಂ, ಹೇಳು ಹೇಳು."