ಕಣ್ಣು ಕಟ್ಟಿಕೊಂಡು ಆಳಂದಕ್ಕೆ

ಹವಳಗಾದಿಂದ ಆಳಂದಕ್ಕೆ ಹನ್ನೆರಡು ಹರದಾರಿ. ನಿಜಾಮರ ಕಾಲದ ಒಂದು ಚಳಿಗಾಲ, ನಸುಕಿನಲ್ಲೇ ನಮ್ಮ ಬಂಡಿ ಹೊರಟಿತು. ಹೋಗುವಾಗ ನಾನು ದಾರಿಯಲ್ಲಿ ಏನನ್ನೂ ನೋಡಲಿಲ್ಲ. ಕೆಟ್ಟದ್ದು ಎಡಗಣ್ಣು; ಆದರೆ ಬಲಗಣ್ಣು ಬಿಟ್ಟರೂ ಅದಕ್ಕೆ ಚುಚ್ಚುತ್ತಿದ್ದುದರಿಂದ ಅತ್ತೆ ಎರಡಕ್ಕೂ ಬಟ್ಟೆ ಕಟ್ಟಿದ್ದರು.

ಆರು ದಿನದ ಹಿಂದೆ ಜೋಳದ ಹೊಲದಲ್ಲಿ ಹಕ್ಕಿ ಓಡಿಸುವಾಗ ಎಲೆಯ ಅಂಚು ಕಣ್ಣಿಗೆ ಗೀರಿತ್ತು. ನಾನು ಮದುವೆಯಾಗಿ ವರ್ಷ ತುಂಬದ ಸೊಸೆ. ಅತ್ತೆ ಗಾಬರಿಯಾಗಿ, ನಮ್ಮ ಕಡೆಯ ರೂಢಿಯಂತೆ, ಗಂಡು ಹೆತ್ತ ಬಾಣಂತಿಯ ಎದೆಹಾಲು ತಂದು ಕಣ್ಣಿಗೆ ಬಿಟ್ಟರು. ನೋವು ನಿಲ್ಲಲಿಲ್ಲ. ನಾಲಿಗೆಯಿಂದ ಕಣ್ಣಿನ ಕಸ ತೆಗೆಯುವ ಮುದುಕಿಯನ್ನು ಕರೆಸಿದರು. ಆಕೆ ಕಣ್ಣು ನೆಕ್ಕಿ, ಜೋಳದ ಮೂರು ಹೊಟ್ಟು ಅಂಗೈಗೆ ಉಗುಳಿ ತೋರಿಸಿದಳು. ಮನೆಮಂದಿಗೆಲ್ಲ ಸಮಾಧಾನವಾಯಿತು, ನನ್ನ ಕಣ್ಣೊಂದನ್ನು ಬಿಟ್ಟು. ಆರನೆಯ ದಿನ ಕರಿಗುಡ್ಡೆಯ ಮೇಲೆ ಬಿಳಿ ಕಂಡಾಗ ಅತ್ತೆಯೇ ಬಂಡಿ ಹೂಡಿಸಿದರು.

ಮೈದುನ ಶರಣಪ್ಪ ಎತ್ತು ಹೊಡೆಯುತ್ತಿದ್ದ. ನಾನು ಕೌದಿಯೊಳಗೆ ನಿದ್ದೆಯೋ ಎಚ್ಚರವೋ ತಿಳಿಯದಂತೆ ತೇಲುತ್ತಿದ್ದೆ. ತೊಗರಿ ಬಡಿಯುವ ಸಪ್ಪಳ ಹತ್ತಿರ ಬರುತ್ತಿತ್ತು, ಸರಿದು ಹೋಗುತ್ತಿತ್ತು. ಬಿಸಿಲು ಒಮ್ಮೆ ಹಣೆಯ ಮೇಲೆ, ಒಮ್ಮೆ ಪಾದದ ಮೇಲೆ. ಎಲ್ಲಿಯೋ ಸೀತನಿಗೆಂದು ಎಳೆ ಜೋಳದ ತೆನೆ ಸುಡುವ ವಾಸನೆ. ಯಾರೋ ಬಿಸಿ ಕಾಳನ್ನು ನನ್ನ ಅಂಗೈಗೆ ಸುರಿದರು. ಆ ಕೈ ಯಾರದೆಂದು ಇಂದಿಗೂ ಗೊತ್ತಿಲ್ಲ. ಹೊತ್ತು ಮುಳುಗಿದಾಗ ಒಂದು ಮಠದಲ್ಲಿ ತಂಗಿ, ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಶೇಂಗಾ ಹಿಂಡಿ ತಿಂದೆವು.

ಮರುದಿನ ಆಳಂದ ಹತ್ತಿರವಾದಾಗ ಅತ್ತೆ ನನ್ನ ಕಿವಿಯಲ್ಲಿ, ಹಾಲಿನ ಸುದ್ದಿ, ಮುದುಕಿಯ ಸುದ್ದಿ ದವಾಖಾನೆಯಲ್ಲಿ ತೆಗೆಯಬೇಡ, ಡಾಕ್ಟರು ಬೈದು ಹೊರಗೆ ಹಾಕುತ್ತಾರೆ ಎಂದರು. ನಾನು ತಲೆಯಾಡಿಸಿದೆ. ಆದರೆ ಒಳಗೊಳಗೇ ಹೆದರಿದ್ದೆ.

ದವಾಖಾನೆಯಲ್ಲಿ ಮರಾಠಿ, ಉರ್ದು, ನಮ್ಮ ಮಾತು ಎಲ್ಲ ಕಲೆತು ಕೇಳುತ್ತಿದ್ದವು. ಡಾಕ್ಟರು ಬಟ್ಟೆ ಬಿಚ್ಚಿ ಬಹಳ ಹೊತ್ತು ನೋಡಿದರು.

“ಕಣ್ಣಾಗ ಏನೇನ ಹಾಕೀರಿ? ಖರೇ ಹೇಳ್ರಿ, ಅದನ್ನ ತಿಳಕೊಂಡ ನಾ ದವಾ ಕೊಡಬೇಕು.”

ಅತ್ತೆಯ ಎದುರು ನನ್ನ ಬಾಯಿ ಏಳಲಿಲ್ಲ. ಈ ಸಂಕೋಚಕ್ಕೇ ಕಣ್ಣು ಹೋಗುತ್ತದೆ ಎಂದು ಅಳು ಬಂತು. ಆಗ ಅತ್ತೆ ಬಾಯಿಬಿಟ್ಟರು.

“ಬಾಣಂತಿ ಹಾಲ ಹಾಕೀನ್ರಿ. ನಾಲಿಗಿಲೆ ನೆಕ್ಕಿಸೀನ್ರಿ. ಆಕೀದೇನೂ ತಪ್ಪಿಲ್ಲ, ಎಲ್ಲಾ ನಂದ.”

ಡಾಕ್ಟರು ಬೈಯಲಿಲ್ಲ. ಕಣ್ಣು ಗೀರಿದರೆ ತಿಕ್ಕಬಾರದು, ಏನನ್ನೂ ಹಾಕಬಾರದು, ಬಾಯಿಯಂತೂ ತಾಗಿಸಲೇಬಾರದು. ಒತ್ತದೆ ಶುದ್ಧ ಬಟ್ಟೆ ಮುಚ್ಚಿ ಅಂದೇ ಹೊರಟು ಬರಬೇಕು ಎಂದು ನಿಧಾನವಾಗಿ ತಿಳಿಸಿದರು. ಇನ್ನೆರಡು ದಿನ ತಡೆದಿದ್ದರೆ ಗುಡ್ಡೆಯೇ ಉಳಿಯುತ್ತಿರಲಿಲ್ಲವಂತೆ.

ಹನ್ನೆರಡು ದಿನ ಧರ್ಮಶಾಲೆಯಲ್ಲಿದ್ದು ಕಣ್ಣಿಗೆ ಔಷಧ ಬಿಡಿಸಿಕೊಂಡೆ. ನೋವು ಹೋಯಿತು, ಬಲಗಣ್ಣು ತೆರೆಯಿತು. ಎಡಗಣ್ಣಿನ ಬಿಳಿ ಮಾತ್ರ ಹಾಗೆಯೇ ಇರುತ್ತದೆ ಎಂದರು ಡಾಕ್ಟರು.

ತಿರುಗಿ ಬರುವಾಗ, ಕಾಣದೆ ದಾಟಿದ್ದ ಹೊಲಗಳೆಲ್ಲ ಒಂದೊಂದಾಗಿ ಕಂಡವು. ಅತ್ತೆ ನನ್ನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ತಮ್ಮ ಮುಖ ಕಾಣುತ್ತದೆಯೇ ಎಂದು ಕೇಳಿದರು. ಕಾಣುತ್ತದೆ ಎಂದೆ.

“ಸುಳ್ಳ ಹೇಳಬ್ಯಾಡ ತಂಗಿ. ಡಾಕ್ಟರ ಮುಂದ ನಾ ಮುಚ್ಚಿಟ್ಟಿಲ್ಲ.”

“ಮಾರಿ ಕಾಣಂಗಿಲ್ರಿ ಅತ್ತಿ. ನತ್ತು ಹೊಳೀತದ.”

ಹವಳಗಾ ಬರುವವರೆಗೂ ಅತ್ತೆ ಮುಖವನ್ನು ಆಚೆ ತಿರುಗಿಸದೆ, ನನ್ನ ಎಡಗಣ್ಣಿನ ಎದುರಿಗೇ ಕೂತಿದ್ದರು.